ಚೀಲದ ಮೇಲಿದ್ದ ನಾಯಿ

ಕಾಳಕ್ಕನಿಗೆ ಸಿಟ್ಟು ಬರುವುದೇ ಇಲ್ಲ ಎಂದು ಬೀದಿಯವರು ನಂಬಿದ್ದರು. ಒಮ್ಮೆ ಬಂದರೆ ಅದು ಹೋಗುವುದೇ ಇಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದು ಬಂದಿರಲಿಲ್ಲ, ಅಷ್ಟೇ.

ಬಸ್ ನಿಲ್ದಾಣಕ್ಕೂ ಹಳೇ ಮಾರುಕಟ್ಟೆಗೂ ನಡುವಿನ ತಿರುವಿನಲ್ಲಿ ಅವಳ ಅಂಗಡಿ. ಮುಂದೆ ವ್ಯಾಪಾರ, ಹಿಂದಿನ ಕೋಣೆಯಲ್ಲಿ ವಾಸ. ಪಾರಿವಾಳ, ಗಿಳಿ, ಕೋಳಿಗಳಿಗೆ ಕಾಳು ಮಾರುತ್ತಿದ್ದುದರಿಂದ ಕಾಳಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಹಡಗಿನ ಕೆಲಸಕ್ಕೆ ಹೋದ ಗಂಡ ಎಲ್ಲೋ ದೂರದ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ ಸುದ್ದಿ ಬಂದ ದಿನವೂ ಅವಳು ಅಂಗಡಿ ಮುಚ್ಚಲಿಲ್ಲ. "ಪೀಡೆ ತೊಲಗ್ತು" ಎಂದಳು, ಗಿರಾಕಿಗೆ ರಾಗಿ ಅಳೆದು ಕೊಟ್ಟಳು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಅವಳಿಗೆ ತನ್ನವರು ಅಂತ ಉಳಿದದ್ದು ಒಬ್ಬ ಅಣ್ಣ. ನಾಯಿ ತಿಂಡಿ ಮಾಡಿ ಮಾರುವ ಯೋಚನೆ ಅವನದು, ದುಡಿಮೆ ಇಬ್ಬರದೂ. ಆ ಹಿಂದಿನ ಕೋಣೆಯಲ್ಲೇ ದೊಡ್ಡ ಹಂಡೆ ಹೂಡಿ, ಮಾಂಸದಂಗಡಿಯಿಂದ ತಂದ ಲಿವರು, ಗುಂಡಿಗೆ ಬೇಯಿಸಿ, ಮೆಕ್ಕೆಜೋಳದ ಹಿಟ್ಟು, ತೌಡು ಹಾಕಿ ಕಲಸಿ, ತಗಡಿನ ಮೇಲೆ ಹರಡಿ ಒಣಗಿಸಿ ಮುರಿಯುತ್ತಿದ್ದರು. ಹಂಡೆಯ ಪಕ್ಕದಲ್ಲಿ ಒಂದು ಕಂದು ನಾಯಿಮರಿ ಕುಳಿತು ಯಾರು ಎಷ್ಟು ಹಾಕುತ್ತಾರೆ, ಯಾರು ಕೈ ನಿಲ್ಲಿಸುತ್ತಾರೆ ಎಂದು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಮೋರಿಯ ಪೈಪಿನೊಳಗೆ ಸಿಕ್ಕಿಕೊಂಡಿದ್ದ ಆ ಮರಿಯನ್ನು ಮೊಣಕಾಲೂರಿ ಎಳೆದು ತಂದವನೇ ಅಣ್ಣ. ಕೈಕಟ್ಟಿ ಕೆಲಸ ನೋಡುವವನ ಹಾಗೆ ಕೂರುತ್ತಿದ್ದ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟವನೂ ಅವನೇ.

ವ್ಯಾಪಾರ ಕುದುರಿತು. ಊರ ಹೊರಗೆ ಕಾರ್ಖಾನೆ ಬಂತು, ಅಣ್ಣ ಧಣಿಯಾದ. ಚೀಲದ ಮೇಲೆ ಯಾವ ನಾಯಿಯ ಚಿತ್ರ ಹಾಕೋಣ ಎಂಬ ಮಾತು ಬಂದಾಗ ಚಿತ್ರಗಾರ ದುಬಾರಿ ತಳಿಯ ಫೋಟೋಗಳನ್ನೆಲ್ಲ ಹರಡಿದ. "ನಮ್ಮ ಮೇಸ್ತ್ರಿ ಇರುವಾಗ ಬಾಡಿಗೆ ನಾಯಿ ಯಾಕೆ?" ಎಂದ ಅಣ್ಣ. ಹಾಗೆ ಮೇಸ್ತ್ರಿಯ ಮುಖ ಚೀಲವೇರಿತು. ಅವನ ಒಂದು ಕಿವಿ ನೆಟ್ಟಗೆ, ಒಂದು ಜೋತು; ಚಿತ್ರಗಾರ ಎರಡನ್ನೂ ನಿಲ್ಲಿಸಿದ. ಪಕ್ಕದಲ್ಲಿ ಹುರಿದ ಕೋಳಿಯ ತೊಡೆ, ಒಂದು ಕ್ಯಾರೆಟ್ಟು, ನಾಲ್ಕು ಬಟಾಣಿ. ಕಾಳಕ್ಕ ಆ ಚೀಲಗಳನ್ನು ಅಂಗಡಿಯ ಮುಂದೆ ಪೇರಿಸಿಟ್ಟಳು. ಯಾರಾದರೂ "ಇದು ಒಳ್ಳೇದಾ, ಅಕ್ಕಾ?" ಎಂದರೆ ಕಾಲ ಬುಡದಲ್ಲಿ ಮಲಗಿದ್ದ ಮೇಸ್ತ್ರಿಯತ್ತ ಬೆರಳು ತೋರುತ್ತಿದ್ದಳು.

ಬಿಡದೆ ಮಳೆ ಹೊಡೆದ ಒಂದು ವರ್ಷ, ಮಳೆ ನಿಂತ ಮೇಲೆ, ಗಡಿಯಾರದ ತಾತನ ಬಿಳಿ ನಾಯಿ ಊಟ ಬಿಟ್ಟಿತು. ತಾತ ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ಹೆಂಡತಿ ಹೋದ ಮೇಲೆ ಅವರೊಂದಿಗೆ ಮಾತಾಡುತ್ತಿದ್ದ ಏಕೈಕ ಜೀವ ಆ ನಾಯಿ. ನಾಯಿಯೂ ಮಾತಾಡುತ್ತೆ ಅಂತಲೇ ಅವರ ವಾದ. ವಾಂತಿ ಶುರುವಾಯಿತು, ಕಣ್ಣು ಹಳದಿಗಟ್ಟಿತು, ಹೋಯಿತು. ಆಮೇಲೆ ಬಸ್ಸಿನವರ ಮನೆಯದು, ಟೀ ಅಂಗಡಿಯದು. ಕಾಳಕ್ಕ ಪ್ರತಿ ಮನೆಗೂ ಹೋಗಿ ಕೂತು ಬಂದಳು. ಒಂದು ದಿನ ಅಂಗಡಿ ತೆರೆಯುವ ಹೊತ್ತಿಗೆ ಮೇಸ್ತ್ರಿ ಬಾಗಿಲಿಗೆ ಬರಲಿಲ್ಲ.

ಅವನನ್ನು ಎತ್ತಿಕೊಂಡು ಡಾಕ್ಟರಮ್ಮನ ಬಳಿಗೆ ಓಡಿದಳು. ಡಾಕ್ಟರಮ್ಮ ಮಾರುಕಟ್ಟೆಯ ಹಿಂದೆ ಎರಡು ಕೋಣೆಯ ಪ್ರಾಣಿ ಆಸ್ಪತ್ರೆ ನಡೆಸುತ್ತಿದ್ದರು. ತುಟಿ ಎತ್ತಿ ಒಸಡು ನೋಡಿದರು.

"ಹಳದಿ. ಲಿವರ್ ಕೈಕೊಟ್ಟಿದೆ ಅಕ್ಕ. ಏನು ತಿಂದಿದ್ದ?"

"ನಾನು ಮಾರೋದನ್ನೇ. ಬೇರೇನೂ ಮುಟ್ಟಲ್ಲ ಅವನು."

ಡಾಕ್ಟರಮ್ಮ ಕೈ ಒರೆಸಿಕೊಂಡರು. "ಈಚೆಗೆ ಬಂದ ನಾಯಿಗಳೆಲ್ಲ ಹೀಗೇ. ಎಲ್ಲರ ಮನೇಲೂ ನಿಮ್ಮ ಅಣ್ಣನ ಚೀಲವೇ ಇದೆ. ನನಗೆ ಅನುಮಾನ. ಬರೀ ಅನುಮಾನ, ಆದ್ರೂ ಹೇಳ್ತಿದ್ದೀನಿ."

ಮೇಸ್ತ್ರಿ ಮಾರನೆಯ ದಿನ ಅವಳ ತೊಡೆಯ ಮೇಲೇ ಸತ್ತ. ಜೋತಿದ್ದ ಕಿವಿಯನ್ನು ಅವಳು ಬಹಳ ಹೊತ್ತು ಬೆರಳಲ್ಲಿ ಹಿಡಿದುಕೊಂಡೇ ಇದ್ದಳು.

ಮಣ್ಣು ಮಾಡಿ, ಕೈ ತೊಳೆದು, ನೇರ ಕಾರ್ಖಾನೆಗೆ ಹೋದಳು. ಅಣ್ಣನ ಕೋಣೆಯಲ್ಲಿ ತಣ್ಣಗಿನ ಗಾಳಿ, ಗಾಜಿನ ಮೇಜು. ಸುದ್ದಿ ಕೇಳಿ ಅವನು ಎದ್ದು ನಿಂತ, ಮತ್ತೆ ಕೂತ. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ನಮ್ಮ ಮೇಸ್ತ್ರಿ ಹೋದ್ನಾ, ಪುಟ್ಟೀ" ಎಂದ. ಆ ಕ್ಷಣದಲ್ಲಿ ಅವನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲವೇನೋ. ಆದರೆ ಮೂಗು ಒರೆಸಿಕೊಂಡು ಕೇಳಿದ: "ಯಾರಿಗೂ ಹೇಳಿಲ್ಲ ತಾನೇ?"

"ಏನು ಹೇಳಿಲ್ಲ?"

"ಅಲ್ಲ, ಆ ಡಾಕ್ಟರು ಏನೇನೋ ಅಂತಾಳೆ. ನೋಡು, ನಿನ್ನ ಹತ್ರ ಇರೋ ಚೀಲಗಳನ್ನ ಸದ್ದಿಲ್ದೆ ವಾಪಸ್ ಕಳಿಸು, ಹೊಸದು ಕಳಿಸ್ತೀನಿ. ಆ ದೊಡ್ಡ ಅಂಗಡಿಯವರು ನಮ್ಮ ಮಾಲನ್ನ ಎಲ್ಲ ಊರಲ್ಲೂ ಇಡ್ತಾರೆ, ಮಾತುಕತೆ ಕೊನೇ ಹಂತದಲ್ಲಿದೆ. ಅದೊಂದು ಮುಗೀಲಿ."

"ನಾಯಿಗಳು ಸಾಯ್ತಿವೆ ಅಣ್ಣ."

"ನಾಯಿ ಸಾಯುತ್ತೆ, ಪುಟ್ಟಿ. ಎಷ್ಟು ವರ್ಷ ಬದುಕ್ತಾವೆ ಅವು?"

ಅವಳು ಚೀಲ ವಾಪಸ್ ಕಳಿಸಲಿಲ್ಲ. ಒಳಗೆ ಒಯ್ದು ಪೇರಿಸಿ, ಬಂದ ಗಿರಾಕಿಗಳಿಗೆಲ್ಲ "ಸದ್ಯಕ್ಕೆ ಹಾಕ್ಬೇಡಿ, ಮನೇದೇ ಏನಾದ್ರೂ ಕೊಡಿ" ಎಂದಳು. ಇಷ್ಟಾದರೂ ಅಣ್ಣನ ಹೆಸರನ್ನು ಬಾಯಿಗೆ ತರಲಿಲ್ಲ. ಒಡಹುಟ್ಟಿದವನು. ಏನೋ ತಪ್ಪಾಗಿದೆ, ಸರಿ ಮಾಡುತ್ತಾನೆ ಎಂದುಕೊಂಡಳು.

ಅವನು ಸರಿ ಮಾಡಿದ, ತನ್ನ ದಾರಿಯಲ್ಲಿ. ವಾರ ಕಳೆಯುವುದರೊಳಗೆ ಅಂಗಡಿಯ ಮುಂದೆ ಜನ ಸೇರಿದರು. ಎಲ್ಲರಿಗಿಂತ ಮುಂದೆ ಗಡಿಯಾರದ ತಾತ.

"ನಿನ್ನ ಅಂಗಡಿ ಸೋರುತ್ತಂತೆ. ಮಳೇಲಿ ನೆಂದ ಚೀಲನ ಒಣಗಿಸಿ ನಮಗೆ ಮಾರಿದ್ಯಂತೆ. ಹೌದೇನಮ್ಮ?"

"ಯಾರು ಹೇಳಿದ್ದು ತಾತ?"

"ಕಂಪನಿಯೋರೇ ಹೇಳ್ತಿದ್ದಾರೆ. ಮನೆ ಮನೆಗೂ ಬಂದು ಹೇಳ್ತಿದ್ದಾರೆ." ತಾತ ಅವಳತ್ತ ಬೆರಳು ಚಾಚಿದರು. "ನೀನು ಬಂದು ನಮ್ಮನೇಲಿ ಕೂತು ಅತ್ತ್ಯಲ್ಲ. ನಾನು ಟೀ ಮಾಡಿ ಕೊಟ್ಟೆನಲ್ಲ ನಿನಗೆ!"

ಆಮೇಲೆ ಯಾರೂ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ಜನ ಒಳಗೆ ನುಗ್ಗಿ ಚೀಲಗಳನ್ನು ಬೀದಿಗೆಳೆದು ಸೀಳಿದರು. ಕಂದು, ಕೆಂಪು, ಹಸಿರು ಗುಳಿಗೆಗಳು ರಸ್ತೆಯುದ್ದಕ್ಕೂ ಉರುಳಿದವು. ವಾಸನೆಗೆ ಬೀದಿನಾಯಿಗಳು ಓಡಿಬಂದವು. ಕಾಳಕ್ಕ ಪೊರಕೆ ಹಿಡಿದು ಅತ್ತ ನಾಯಿ ಓಡಿಸುತ್ತ, ಇತ್ತ ಗುಡಿಸುತ್ತ, ಬೆವರಿ ಬಳಲಿ ಹೋದಳು. "ನೋಡಿ, ಸಾಕ್ಷಿ ಮುಚ್ಚಿಹಾಕ್ತಿದ್ದಾಳೆ" ಎಂದು ಯಾರೋ ಕೂಗಿದರು.

ಎಲ್ಲ ಚದುರಿದ ಮೇಲೆ ಕಂಪನಿಯ ವ್ಯಾನಿನವನು ಬಂದ. ಕಾರ್ಖಾನೆಗೆ ಧಾನ್ಯ, ಅಂಗಡಿಗಳಿಗೆ ಚೀಲ ಸಾಗಿಸುವ ಮನುಷ್ಯ. ಹಂಡೆಯ ಕಾಲದಿಂದಲೂ ಪರಿಚಯ. ಮೆಟ್ಟಿಲ ಮೇಲೆ ಕೂತು ತಲೆ ತಗ್ಗಿಸಿದ.

"ಅಕ್ಕ, ನಾನು ಹೇಳಿದೆ ಅನ್ಬೇಡಿ. ನಮಗೆಲ್ಲ ಹೇಳಿಕೊಟ್ಟಿದ್ದು ನಿಮ್ಮ ಅಣ್ಣನೇ. ಸಾಲಾಗಿ ನಿಲ್ಲಿಸಿ ಹೇಳಿಕೊಟ್ರು. ‘ಸ್ವಂತ ತಂಗಿನೇ, ಆದ್ರೂ ಧಣಿ ನ್ಯಾಯ ಬಿಡಲಿಲ್ಲ’ ಅಂತ ಕೊನೇಲಿ ಸೇರಿಸಬೇಕಂತೆ."

ಕಾಳಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅವಳ ತಲೆಯ ಮೇಲೆ ಗೂಬೆ ಕೂರಿಸಿದ್ದಷ್ಟೇ ಅಲ್ಲ, ಆ ಗೂಬೆಯ ಕೊರಳಿಗೆ ಅಣ್ಣ ತನ್ನ ನ್ಯಾಯದ ಪದಕವನ್ನೂ ನೇತುಹಾಕಿದ್ದಾನೆ. ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ಆಶ್ಚರ್ಯವೆಂದರೆ ಅದು ಸುಡಲಿಲ್ಲ, ಬೆಚ್ಚಗಿತ್ತು, ಹಿತವಾಗಿತ್ತು.

"ಅವನ ಬೇರು ಕೀಳ್ತೀನಿ" ಎಂದಳು, ಕಾಳಿನ ಬೆಲೆ ಹೇಳುವ ದನಿಯಲ್ಲಿ. "ಏನು ಹಾಕಿ ಕೊಂದ ಅಂತ ಮೊದಲು ತಿಳ್ಕೋಬೇಕು."

ಕಾರ್ಖಾನೆಯ ಗೇಟಿನವನಿಗೆ ಧಣಿಯ ತಂಗಿಯನ್ನು ತಡೆಯಿರಿ ಎಂದು ಯಾರೂ ಹೇಳಿರಲಿಲ್ಲ. ಅಂಥ ಅಗತ್ಯ ಬೀಳಬಹುದೆಂದು ಅಣ್ಣನಿಗೆ ಹೊಳೆದೇ ಇರಲಿಲ್ಲ. ಅವನು ಊರಲ್ಲಿಲ್ಲದ ದಿನ ನೋಡಿ ಹೋದಳು. ಗೇಟಿನವನು ಸಲಾಮು ಹೊಡೆದ. ಯಂತ್ರ ನಡೆಸುವವನು ಸಂಭ್ರಮದಿಂದ ಎದುರುಬಂದು, "ನೋಡ್ಬೇಕಾ ಅಕ್ಕ? ಬನ್ನಿ ಬನ್ನಿ, ಎಲ್ಲ ತೋರಿಸ್ತೀನಿ" ಎಂದ. ಪಾಪ, ತನ್ನ ಕೆಲಸದ ಬಗ್ಗೆ ಅವನಿಗೆ ಹೆಮ್ಮೆ.

ಮೊದಲು ಹಸಿ ಮಾಲಿನ ಕೊಟ್ಟಿಗೆ. ನೀಲಿ ಪ್ಲಾಸ್ಟಿಕ್ ಪೀಪಾಯಿಗಳ ತುಂಬ ಕೋಳಿತಲೆಗಳು, ಕಣ್ಣು ಅರೆಮುಚ್ಚಿ, ಕೊಕ್ಕು ತೆರೆದು. ಇನ್ನೊಂದರಲ್ಲಿ ಕಾಲು, ಮತ್ತೊಂದರಲ್ಲಿ ಕರುಳು, ಶ್ವಾಸಕೋಶ. ಪಕ್ಕದಲ್ಲಿ ಕಂದು ಪುಡಿಯ ಮೂಟೆಗಳು. "ಇದು ಮಾಂಸದ ಪುಡಿ. ಕಸಾಯಿಖಾನೆಯ ಉಳಿಕೆನ ಬೇರೆ ಕಡೆ ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಪುಡಿ ಮಾಡಿ ಕಳಿಸ್ತಾರೆ" ಎಂದ ಅವನು. ಇದಕ್ಕೆಲ್ಲ ಸೋಯಾ ಹಿಂಡಿ, ತೌಡು, ಮೆಕ್ಕೆಜೋಳದ ಹಿಟ್ಟು ಸೇರಿ, ಹಬೆಯಲ್ಲಿ ಬೆಂದು, ತೂತಿನ ಅಚ್ಚಿನಿಂದ ಹುಳುಗಳ ಹಾಗೆ ಹೊರಬಂದು, ಬ್ಲೇಡಿಗೆ ಸಿಕ್ಕಿ ಗುಳಿಗೆಯಾಗಿ ಬೀಳುತ್ತಿತ್ತು. ಒಣಗಿದ ಗುಳಿಗೆಗೆ ವಾಸನೆಯೇ ಇಲ್ಲ, ನಾಯಿ ಮೂಸಿಯೂ ನೋಡುವುದಿಲ್ಲ. ಅದಕ್ಕೇ ದೊಡ್ಡ ಡೋಲಿನಂಥ ಯಂತ್ರದಲ್ಲಿ ತಿರುಗಿಸುತ್ತ ಬಿಸಿ ಕೊಬ್ಬು, ಲಿವರ್ ನೀರು ಚಿಮುಕಿಸುತ್ತಾರೆ.

"ಈ ಕೆಂಪು, ಹಸಿರು? ಕ್ಯಾರೆಟ್ಟು, ಬಟಾಣಿನಾ?"

ಅವನು ನಕ್ಕ. "ಬಣ್ಣ ಅಕ್ಕ. ಬರೀ ಬಣ್ಣ. ಅದು ನಾಯಿಗಲ್ಲ, ಚೀಲ ಕೊಳ್ಳೋರಿಗೆ."

ಹೊರಬರುವಷ್ಟರಲ್ಲಿ ಅವಳು ಪ್ರತಿ ರಾಶಿಯಿಂದಲೂ ಒಂದು ಹಿಡಿ ಕೈವಸ್ತ್ರಗಳಲ್ಲಿ ಗಂಟು ಕಟ್ಟಿಕೊಂಡಿದ್ದಳು. ಡಾಕ್ಟರಮ್ಮನ ಮೇಜಿನ ಮೇಲೆ ಗಂಟು ಬಿಚ್ಚಿ ಉಸಿರು ಬಿಡದೆ ಹೇಳಿದಳು: "ತಲೆ ಹಾಕ್ತಾರೆ ಡಾಕ್ಟರಮ್ಮ! ಕೊಕ್ಕು, ಕರುಳು! ಸಿಕ್ಕಿಬಿದ್ದ ಕಳ್ಳ!"

ಡಾಕ್ಟರಮ್ಮ ತಲೆಯಾಡಿಸಿದರು. "ಅಕ್ಕ, ನಮಗೆ ಅಸಹ್ಯ ಆಗಿದ್ದೆಲ್ಲ ನಾಯಿಗೆ ವಿಷ ಅಲ್ಲ. ತಲೆ, ಕರುಳು, ಶ್ವಾಸಕೋಶ ಚೆನ್ನಾಗಿ ಬೆಂದ್ರೆ ನಾಯಿ ಕುಣಿದುಕೊಂಡು ತಿನ್ನುತ್ತೆ. ಚೀಲದ ಮೇಲೆ ಕೋಳಿತೊಡೆ ಬರೆದಿದ್ದು ಸುಳ್ಳು, ಆದ್ರೆ ಆ ಸುಳ್ಳು ಕೊಲ್ಲಲ್ಲ." ಒಂದೊಂದೇ ಗಂಟನ್ನು ಮೂಸಿದರು. ಎಲ್ಲಕ್ಕಿಂತ ಶುಭ್ರವಾಗಿ, ನೋಡಲು ಚೆಂದವಾಗಿ ಇದ್ದ ಹಳದಿ ಹಿಟ್ಟಿನ ಬಳಿ ನಿಂತರು. ಮತ್ತೆ ಮೂಸಿದರು.

"ಇದು ಮೆಕ್ಕೆಜೋಳ?"

"ಹೌದು."

"ಬೂಷ್ಟಿನ ವಾಸನೆ. ನೆಂದ ಜೋಳಕ್ಕೆ ಬರೋ ಒಂದು ಬೂಷ್ಟು ವಿಷ ಬಿಡುತ್ತೆ. ಬೇಯಿಸಿದ್ರೂ ಹೋಗಲ್ಲ, ಒಣಗಿಸಿದ್ರೂ ಹೋಗಲ್ಲ. ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದ್ರೆ ಲಿವರ್ ತಿಂದುಹಾಕುತ್ತೆ. ಹಿಟ್ಟು ಮಾಡಿದ ಮೇಲೆ ಕಣ್ಣಿಗೆ ಏನೂ ಕಾಣಲ್ಲ. ಕಾಳನ್ನ ನೋಡಬೇಕಿತ್ತು."

ಕಾಳು! ಜೀವಮಾನವೆಲ್ಲ ಕಾಳು ಮಾರಿದವಳು ಕೋಳಿತಲೆ ನೋಡಿ ಮರುಳಾಗಿ, ಕಾರ್ಖಾನೆಯ ದಾರಿಯಲ್ಲಿದ್ದ ಧಾನ್ಯದ ಗೋಡೌನಿನ ಕಡೆ ತಿರುಗಿಯೂ ನೋಡದೆ ಬಂದಿದ್ದಳು. ಈಗ ನೆನಪಾಯಿತು: ಆ ಗೋಡೌನಿನ ಮುಂದೆ ಮೊರ ಹಿಡಿದು ಕೂರುತ್ತಿದ್ದ ಹೆಂಗಸರು ಇರಲಿಲ್ಲ.

ಆ ಹೆಂಗಸರ ಮುಂದಾಳು ಮೊರದಜ್ಜಿ. ರೈಲು ಹಳಿಯಾಚೆಗಿನ ಮನೆಯಲ್ಲಿ ಸಿಕ್ಕಳು, ಬಟ್ಟೆ ಒಗೆಯುತ್ತಿದ್ದಳು. ಕಪ್ಪಾದ, ಹಸಿರುಗಟ್ಟಿದ, ಹುಳು ಹಿಡಿದ ಕಾಳನ್ನು ಆರಿಸಿ ತೆಗೆಯುವುದು ಅವಳ ಗುಂಪಿನ ಕೆಲಸವಾಗಿತ್ತು.

"ನಮ್ಮನ್ನ ಮನೆಗೆ ಕಳ್ಸಿ ತುಂಬಾ ದಿನ ಆಯ್ತಲ್ಲಮ್ಮ, ನಿಂಗೆ ಗೊತ್ತಿಲ್ವಾ?" ಎಂದಳು ಅಜ್ಜಿ. "ಆ ಮಳೇಲಿ ನೆಂದ ಜೋಳ ಲಾರಿಗಟ್ಟಲೆ ಬಂತು. ಯಾರೂ ಕೊಳ್ಳದ ಮಾಲು. ನಾನು ಒಂದು ಮೊರ ಆರ್ಸಿ ನಿಮ್ಮಣ್ಣನ ಮುಂದೆ ಇಟ್ಟೆ. ‘ಧಣೀ, ಇದ್ರಲ್ಲಿ ಒಳ್ಳೇದಕ್ಕಿಂತ ಕೆಟ್ಟದ್ದೇ ಜಾಸ್ತಿ, ಹಿಂದಕ್ಕೆ ಕಳ್ಸಿ’ ಅಂದೆ. ಮೊರ ನೋಡಿದ. ನನ್ನ ನೋಡಿದ. ‘ಅಜ್ಜೀ, ನಿಂಗೆ ಕಣ್ಣು ಜಾಸ್ತಿ ಆಯ್ತು’ ಅಂದ. ಮಾರನೇ ದಿನದಿಂದ ನಮ್ಗೆ ಕೆಲ್ಸ ಇಲ್ಲ."

ಹಾಗಾದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅರೆದ, ಗೊತ್ತಿದ್ದೂ ತುಂಬಿದ, ಗೊತ್ತಿದ್ದೂ ಮೇಸ್ತ್ರಿಯ ಮುಖದಡಿ ಮಾರಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮೊದಲ ಪ್ರಯತ್ನದಲ್ಲಿ ಅವಳು ಸೋತಳು. ಅದನ್ನೂ ಹೇಳಬೇಕು.

ದೊಡ್ಡ ಅಂಗಡಿಯ ಒಡತಿಗೆ ಅಣ್ಣ ತನ್ನ ಮನೆಯಲ್ಲಿ ಊಟ ಇಟ್ಟಿದ್ದ. ಹತ್ತಾರು ಊರುಗಳಲ್ಲಿ ಮಳಿಗೆ ಇದ್ದ ಹೆಂಗಸು ಆಕೆ. ಕಡಿಮೆ ಮಾತು, ಚುರುಕು ನೋಟ. ಕಾಳಕ್ಕ ಕರೆಯದೆ ಹೋದಳು, ಒಂದು ಬಟ್ಟಲಿನ ತುಂಬ ಆ ಗುಳಿಗೆ ಹಿಡಿದು. ಅಣ್ಣನ ಬಳಿ ಆಳೆತ್ತರದ, ರೇಷ್ಮೆ ಕೂದಲಿನ ನಾಯಿಯೊಂದಿತ್ತು. ಅದಕ್ಕೆ ಅಡುಗೆಯವನು ದಿನವೂ ತಾಜಾ ಮಾಂಸ ಬೇಯಿಸಿ ಹಾಕುತ್ತಿದ್ದುದು ಅವಳಿಗೆ ಗೊತ್ತಿತ್ತು.

"ಅಣ್ಣ, ಎಲ್ಲರೆದುರು ನಿನ್ನ ನಾಯಿಗೆ ಇದನ್ನ ಹಾಕು ನೋಡೋಣ" ಎಂದಳು.

ಅತಿಥಿಗಳು ಚಮಚ ಕೆಳಗಿಟ್ಟರು. ಅವನು ಬಿಳಿಚಿಕೊಳ್ಳುತ್ತಾನೆ, ತಡವರಿಸುತ್ತಾನೆ, ಅಲ್ಲಿಗೆ ಮುಗಿಯಿತು ಎಂಬುದು ಅವಳ ಲೆಕ್ಕ. ಅಣ್ಣ ಮುಗುಳ್ನಕ್ಕ. ಬಟ್ಟಲನ್ನು ಅವಳ ಕೈಯಿಂದ ತೆಗೆದು, ನಾಯಿಯನ್ನು ಕರೆದು, ನೆಲದ ಮೇಲಿಟ್ಟ. ಒಂದು ಹೊತ್ತಿನ ಊಟಕ್ಕೆ ಏನೂ ಆಗದು ಎಂದು ಅವನಿಗೆ ಗೊತ್ತಿತ್ತು. ಅಕಸ್ಮಾತ್ ಏನಾದರೂ ಆದರೆ ಆಗಲಿ ಎಂಬುದೂ ಅವನ ಕಣ್ಣಲ್ಲಿತ್ತು. ಕಾಳಕ್ಕ ಅದನ್ನು ಕಂಡಳು. ನಾಯಿ ಬಾಲವಾಡಿಸುತ್ತ ಮೂತಿ ಚಾಚಿತು. ಅವಳ ಕಾಲು ತಾನಾಗಿಯೇ ಮುಂದೆ ಹೋಗಿ ಬಟ್ಟಲನ್ನು ಒದೆಯಿತು. ಗುಳಿಗೆಗಳು ಅತಿಥಿಗಳ ಪಾದದಡಿ ಚೆಲ್ಲಿದವು, ಅವಳು ಮಂಡಿಯೂರಿ ನಾಯಿಯ ಬಾಯಿಂದ ಒಂದನ್ನು ಬೆರಳು ಹಾಕಿ ತೆಗೆಯುತ್ತಿದ್ದಳು.

ಅಣ್ಣ ಅವಳ ಭುಜದ ಮೇಲೆ ಕೈಯಿಟ್ಟ. "ನನ್ನ ತಂಗಿ. ಅವಳ ನಾಯಿ ಸತ್ತಾಗಿಂದ ಪಾಪ, ಮನಸ್ಸು ಸ್ತಿಮಿತದಲ್ಲಿಲ್ಲ" ಎಂದ. ಅತ್ತಿಗೆ ಬಂದು ಮೃದುವಾಗಿ ತೋಳು ಹಿಡಿದು ಗೇಟಿನವರೆಗೆ ಬಿಟ್ಟಳು. ಒಡತಿ ಕಾಲ ಬುಡದ ಗುಳಿಗೆಗಳನ್ನು ಸರಿಸಿ ಊಟ ಮುಂದುವರಿಸಿದಳು.

ಚೀಲ ಸೀಳಿದವರನ್ನು ಅವಳು ಮರೆಯಬಲ್ಲವಳಾಗಿದ್ದಳು. ಭುಜದ ಮೇಲಿನ ಆ ಕೈಯನ್ನು ಮರೆಯಲಾಗಲಿಲ್ಲ. ಮನೆಗೆ ಬಂದು ರವಿಕೆಯ ಆ ಜಾಗವನ್ನು ಸೋಪು ಹಾಕಿ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಯೋಚನೆ ತಿಳಿಯಾಯಿತು. ಸೋತದ್ದೇಕೆ? ನಾಯಿಯನ್ನು ಪಣಕ್ಕಿಟ್ಟದ್ದಕ್ಕೆ. ನಾಯಿ ಸತ್ತರೆ ಅವನಿಗೆ ನೋವಿಲ್ಲ, ಅವಳಿಗಿದೆ; ಆ ಆಟದಲ್ಲಿ ಅವನೇ ಗೆಲ್ಲುವುದು. ಅವನಿಗೆ ನೋಯುವುದು ಯಾವುದು? ತನ್ನದು ಎನ್ನುವುದನ್ನು ಬೇರೆಯವರು ಮುಟ್ಟಿದರೆ. ಚಿಕ್ಕಂದಿನಲ್ಲಿ ಅವನ ಪೆನ್ಸಿಲ್ ಮುಟ್ಟಿದರೂ ಊರು ಕೇಳುವ ಹಾಗೆ ಕಿರುಚುತ್ತಿದ್ದ.

ವ್ಯಾನಿನವನನ್ನು, ಮೊರದಜ್ಜಿಯನ್ನು ಕರೆಸಿದಳು. "ಅವನ ಜೋಳ ಕದೀಬೇಕು" ಎಂದಳು. "ಮುಚ್ಚುಮರೆ ಬೇಡ. ಹಾಡಹಗಲೇ."

ವ್ಯಾನಿನವನು ತಲೆ ಕೆರೆದುಕೊಂಡ. "ಕದಿಯೋದ್ಯಾಕಕ್ಕ? ದಿನಾ ನಾನೇ ತಾನೇ ಗೋಡೌನಿಂದ ತರೋದು. ಒಂದಿನ ದಾರಿ ತಪ್ಪಿದ್ರಾಯ್ತು." ಮತ್ತೆ ಸೇರಿಸಿದ: "ಕೆಲಸ ಹೋಗುತ್ತೆ. ಹೋಗ್ಲಿ. ಆ ಪಾಠ ಒಪ್ಪಿಸಿ ಒಪ್ಪಿಸಿ ನನ್ನ ಬಾಯೇ ಕಹಿಯಾಗಿದೆ."

"ನಮ್ ಹೆಂಗಸ್ರೆಲ್ಲ ಬರ್ತೀವಿ" ಎಂದಳು ಅಜ್ಜಿ. "ಮೊರ ಮನೇಲೇ ಇದೆ. ಅದನ್ನೇನೂ ಅವ್ನು ಕಿತ್ಕೊಂಡಿಲ್ಲ."

ದೊಡ್ಡ ಅಂಗಡಿಯಲ್ಲಿ ಮೇಸ್ತ್ರಿ ಮುಖದ ಚೀಲಗಳು ಮೊದಲ ಸಲ ಮಾರಾಟಕ್ಕೆ ಬರುವ ದಿನ. ಬಾಗಿಲಿಗೆ ಬಣ್ಣದ ಬಲೂನು, ಒಳಗೆ ಆಳೆತ್ತರದ ಮೇಸ್ತ್ರಿಯ ಚಿತ್ರ, ಎರಡೂ ಕಿವಿ ನೆಟ್ಟಗೆ. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಕಂಪನಿಯ ವ್ಯಾನು ಎದುರಿನ ಚೌಕಕ್ಕೆ ಬಂದು ನಿಂತಿತು. ಕಂಪನಿಯ ಮುದ್ರೆ ಒತ್ತಿದ ಗೋಣಿಚೀಲಗಳು ಇಳಿದವು. ಮೊರದಜ್ಜಿ ಮತ್ತು ಅವಳ ಹೆಂಗಸರು ತಾಡಪಾಲು ಹಾಸಿ ಸಾಲಾಗಿ ಕೂತರು. ಘೋಷಣೆಯಿಲ್ಲ, ಕೂಗಾಟವಿಲ್ಲ. ಸುಮ್ಮನೆ ಆರಿಸತೊಡಗಿದರು. ಒಳ್ಳೆಯ ಕಾಳು ಎಡಕ್ಕೆ, ಕೆಟ್ಟದ್ದು ಬಲಕ್ಕೆ.

ಜನ ನಿಂತರು. ಏನು ಮಾರುತ್ತಿದ್ದಾರೆ ಎಂದು ಕೇಳಿದರು. ಮೊರಗಳು ಆಡುತ್ತಲೇ ಇದ್ದವು. ಬಲಗಡೆಯ ರಾಶಿ ಬೆಳೆಯಿತು: ಕರಿ, ಬೂದಿ, ಪಾಚಿಹಸಿರು. ಗಾಳಿಗೆ ಅದರ ಕಮಟು ವಾಸನೆ ಚೌಕದ ತುಂಬ ಹರಡಿತು. ಎಡಗಡೆಯದು ಬೊಗಸೆಯಷ್ಟೇ ಇತ್ತು. ಗಡಿಯಾರದ ತಾತ ಜನರ ನಡುವಿನಿಂದ ಬಂದು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿದರು. ಬಹಳ ಹೊತ್ತು ನೋಡಿದರು.

"ಒಳಗೆಲ್ಲ ಹಸಿರು" ಎಂದರು. ಕಾಳಕ್ಕನತ್ತ ತಿರುಗಿದರು. ಅವಳು ಅವರತ್ತ ನೋಡಲೂ ಇಲ್ಲ. ಅವಳ ಕಣ್ಣು ರಸ್ತೆಯ ತುದಿಯಲ್ಲಿತ್ತು.

ಅಂಗಡಿಯ ಒಡತಿ ಹೊರಬಂದಳು. "ಏನಿದು?"

"ನಿಮ್ಮ ಅಂಗಡಿಗೆ ಬಂದಿರೋ ಚೀಲದೊಳಗೆ ಏನಿದೆ ಅಂತ ಆರಿಸಿ ತೋರಿಸ್ತಿದ್ದೀವಮ್ಮ" ಎಂದಳು ಮೊರದಜ್ಜಿ.

ಅಷ್ಟರಲ್ಲಿ ಅಣ್ಣನ ಕಾರು ಬಂತು. ಯಾರೋ ಆಗಲೇ ಫೋನು ಮಾಡಿದ್ದರು. ಇಳಿದವನೇ ರಾಶಿ ನೋಡಿ, ಒಡತಿಯನ್ನು ನೋಡಿ, ನಕ್ಕ. "ಇದು ನಮ್ಮ ಮಾಲೇ ಅಲ್ಲ. ಎಲ್ಲಿಂದಲೋ ಕೊಳೆತದ್ದು ತಂದು ಸುರಿದಿದ್ದಾರೆ. ನಾನು ಮೊದಲೇ ಹೇಳಿದ್ನಲ್ಲ ಮೇಡಂ, ನನ್ನ ತಂಗಿಗೆ..."

ಕಾಳಕ್ಕ ವ್ಯಾನಿನವನಿಗೆ ಕಣ್ಸನ್ನೆ ಮಾಡಿದಳು. ಅವನು ಇನ್ನೊಂದು ಗೋಣಿಚೀಲ ಎತ್ತಿ, ಬಾಯಿ ಬಿಚ್ಚಿ, ಸದ್ದಾಗುವಂತೆ ನೆಲಕ್ಕೆ ಸುರಿದ. ಇನ್ನೊಂದನ್ನು ಎತ್ತಿದ. ಹಾದಿಹೋಕರು ಕಾಳಿನ ಮೇಲೆ ನಡೆದಾಡತೊಡಗಿದರು. ಒಬ್ಬ ಗಾಡಿಯವನು, "ನಿಮ್ಮದಲ್ಲ ಅಂದ್ರೆ ನಾನು ಗೋಣಿನಾದ್ರೂ ಒಯ್ಯಲಾ?" ಎಂದು ಒಂದು ಖಾಲಿ ಚೀಲ ಮಡಚಿ ಕಂಕುಳಿಗೆ ಸೇರಿಸಿದ.

"ಏಯ್, ಇಡೋ ಕೆಳಗೆ!" ಅಣ್ಣನ ಕತ್ತಿನ ನರ ಉಬ್ಬಿತು. ವ್ಯಾನಿನವನ ಕೊರಳಪಟ್ಟಿ ಹಿಡಿದ. "ಕಳ್ಳ ನನ್ಮಗನೇ, ನನ್ನ ಗೋಡೌನಿನ ಮಾಲನ್ನ ಬೀದಿಗೆ ಸುರೀತೀಯಾ? ಪೊಲೀಸರನ್ನ ಕರೀರಿ! ಅಷ್ಟೂ ನನ್ನ ಜೋಳ! ಒಂದು ಕಾಳು ಕಮ್ಮಿ ಆದ್ರೂ..."

ನಿಂತ. ಚೌಕದಲ್ಲಿ ಮೊರದ ಸದ್ದೂ ನಿಂತಿತ್ತು.

"ಇನ್ನೊಂದ್ಸಲ ಹೇಳಣ್ಣ" ಎಂದಳು ಕಾಳಕ್ಕ. "ಹಿಂದಿನೋರಿಗೆ ಕೇಳಿಸಲಿಲ್ಲ."

ಅವನು ಅವಳತ್ತ ತಿರುಗಿದ. ಮುಖದಿಂದ ಧಣಿ ಇಳಿದುಹೋಗಿ, ಹಂಡೆಯ ಕಾಲದ ಅಣ್ಣ ಒಂದು ಗಳಿಗೆ ಕಾಣಿಸಿಕೊಂಡ. "ಪುಟ್ಟೀ, ಬೇಡ" ಎಂದ, ಅವಳಿಗೆ ಮಾತ್ರ ಕೇಳುವಂತೆ.

"ಪೊಲೀಸರನ್ನ ಕರೀರಿ ಅಂದ್ನಲ್ಲ, ಕರೀರಿ" ಎಂದಳು ಅವಳು ಜನರತ್ತ ನೋಡಿ. "ಕದ್ದಿದ್ದು ನಾನೇ. ಅವನದ್ದನ್ನೇ ಕದ್ದೆ."

ಒಡತಿ ಬಗ್ಗಿ ಬಲಗಡೆಯ ರಾಶಿಯಿಂದ ಒಂದು ಹಿಡಿ ತೆಗೆದು ಮೂಸಿದಳು. ಕೈ ಕೊಡವಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಂಗಡಿಯ ಕೆಲಸದವರು ಚೀಲಗಳನ್ನು ಹೊರಗೆ ತಂದು ಅಣ್ಣನ ಕಾರಿನ ಸುತ್ತ ಪೇರಿಸತೊಡಗಿದರು. ಕಾರಿನ ಬಾಗಿಲು ತೆಗೆಯಲು ಜಾಗವಿಲ್ಲದಷ್ಟು. ಎಲ್ಲ ಚೀಲಗಳಿಂದಲೂ ಮೇಸ್ತ್ರಿ ಅವನನ್ನೇ ನೋಡುತ್ತಿದ್ದ. ಕಾಳಕ್ಕ ಅಂದು ನಕ್ಕದ್ದನ್ನು ಕಂಡವರಿದ್ದಾರೆ. ಚೆಂದದ ನಗು ಅಲ್ಲ ಅದು ಎನ್ನುತ್ತಾರೆ.

ಅಧಿಕಾರಿಗಳು ಬಂದರು, ಜೋಳದ ಮಾದರಿ ಒಯ್ದರು, ಡಾಕ್ಟರಮ್ಮ ಹೇಳಿದ ವಿಷವೇ ಅದರಲ್ಲಿ ಸಿಕ್ಕಿತು. ಕಾರ್ಖಾನೆಗೆ ಬೀಗ ಬಿತ್ತು, ಅಣ್ಣನ ಮೇಲೆ ಮೊಕದ್ದಮೆ ಹೂಡಿದರು. ಊರು ಪುನಃ ಕಾಳಕ್ಕನ ಅಂಗಡಿಗೆ ಬಂತು. ಗಡಿಯಾರದ ತಾತ ಸುಣ್ಣ ತಂದು ಅಂಗಡಿಯ ಗೋಡೆಗೆ ತಾವೇ ಬಳಿದರು. ಎಲ್ಲರೂ ಅವಳನ್ನು ಹೊಗಳಲಿಲ್ಲ. ಯಂತ್ರ ನಡೆಸುವವನು ಒಂದು ದಿನ ಬಾಗಿಲಲ್ಲಿ ನಿಂತು, "ನಾನು ನಿಮಗೆ ಎಲ್ಲ ತೋರಿಸಿದೆ ಅಕ್ಕ. ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಿ" ಎಂದು ಹೋದ. ಕಾಳಕ್ಕ ಅವನಿಗೆ ಎಲ್ಲಾದರೂ ಕೆಲಸ ಕೊಡಿಸಲು ಓಡಾಡಿದಳು. ಅವನು ಅವಳ ಮೂಲಕ ಬಂದ ಕೆಲಸ ಬೇಡ ಎಂದ.

ಅತ್ತಿಗೆ ಬಂದಳು, ಕೈ ಹಿಡಿದು ಅತ್ತಳು. "ನಿನ್ನ ಹೇಳಿಕೆ ಒಂದು ಹಿಂದಕ್ಕೆ ತಗೋ. ಅಂಗಡಿ ಸೋರ್ತಿತ್ತು ಅಂತ ಒಂದೇ ಒಂದು ಮಾತು ಹೇಳು. ರಕ್ತ ಸಂಬಂಧ ಅಲ್ವೇನೇ."

ಕಾಳಕ್ಕ ಅವಳಿಗೆ ಟೀ ಮಾಡಿಕೊಟ್ಟಳು, ಬಿಸ್ಕತ್ತು ಕೊಟ್ಟಳು. "ಅತ್ತಿಗೆ, ನಿಮಗೆ ಏನು ಬೇಕಾದ್ರೂ ಕೇಳಿ, ಇಲ್ಲ ಅನ್ನಲ್ಲ. ಅವನಿಗೋಸ್ಕರ ಮಾತ್ರ ಏನೂ ಕೇಳ್ಬೇಡಿ."

ವಿಚಾರಣೆ ಎಳೆಯಿತು. ಸಾಕ್ಷಿ ಹೇಳಿ ಮುಗಿದ ಮೇಲೂ ಕಾಳಕ್ಕ ಒಂದು ದಿನ ತಪ್ಪಿಸಲಿಲ್ಲ. ಒಗೆದ ಬಟ್ಟೆ ತೊಟ್ಟು, ತಲೆ ಬಾಚಿ, ಮುಂದಿನ ಬೆಂಚಿನಲ್ಲಿ ಅಣ್ಣನ ಕಣ್ಣಿಗೆ ಬೀಳುವಂತೆ ಕೂರುತ್ತಿದ್ದಳು. ಅವನು ಎಡಕ್ಕೆ ತಿರುಗಿದರೆ ಅವಳೂ ಎಡಕ್ಕೆ ಸರಿಯುತ್ತಿದ್ದಳು. "ನೀವು ದಿನಾ ಬರಬೇ‌ಕಾಗಿಲ್ಲಮ್ಮ" ಎಂದು ವಕೀಲರು ಹೇಳಿದರು. "ನನಗೆ ಬೇಕಾಗಿದೆ ಸಾರ್" ಎಂದಳು.

ಶಿಕ್ಷೆ ಓದಿದ ದಿನ ಅವನನ್ನು ಕರೆದೊಯ್ಯುವಾಗ ಮೊಗಸಾಲೆಯಲ್ಲಿ ಇಬ್ಬರೂ ಎದುರಾಬದುರಾದರು. ಅವನು ತೆಳ್ಳಗಾಗಿದ್ದ, ಗಡ್ಡ ನರೆತಿತ್ತು. ಕಾನ್‌ಸ್ಟೇಬಲ್ ಒಂದು ನಿಮಿಷ ನಿಂತುಕೊಂಡ.

"ಸಮಾಧಾನ ಆಯ್ತೇನೇ ಈಗ?" ಎಂದ ಅಣ್ಣ. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು.

ಕಾಳಕ್ಕ ತನ್ನೊಳಗೆ ಹುಡುಕಿ ನೋಡಿದಳು. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ಇನ್ನೂ ಇಲ್ಲ" ಎಂದಳು, ಬಸ್ಸಿಗೆ ಹೊತ್ತಾಗಿತ್ತು, ಮೆಟ್ಟಿಲಿಳಿದು ಹೋದಳು.